ಸಹಿ ಹಾಕಿದವರು ಬೆರಳೆಣಿಕೆಯ ಜನ

ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳು ತಮ್ಮ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿ ಊರು ಬಿಟ್ಟರು ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದಿ ಬೇಜಾರಾಯಿತು ಸರ್. 1835ರ ಡಿಸೆಂಬರಿನಲ್ಲಿ ಜಾರ್ಜಿಯಾ ರಾಜ್ಯದಲ್ಲಿದ್ದ ಅವರ ರಾಜಧಾನಿ ನ್ಯೂ ಎಕೋಟಾದಲ್ಲಿ ಸಹಿ ಹಾಕಿದ್ದು ಒಂದು ಸಣ್ಣ ಗುಂಪು. ಚೆರೋಕಿಗಳ ಮುಖ್ಯಸ್ಥ ಜಾನ್ ರಾಸ್ ಅದರಲ್ಲಿ ಇರಲೇ ಇಲ್ಲ. ಆ ಒಪ್ಪಂದ ಬೇಡ ಅಂತ 15,000ಕ್ಕೂ ಜಾಸ್ತಿ ಹೆಸರುಗಳಿದ್ದ ಮನವಿ ವಾಷಿಂಗ್ಟನ್‌ಗೆ ಹೋಯಿತು. ಹೆಚ್ಚುಕಡಿಮೆ ಇಡೀ ಜನಾಂಗವೇ ಬೇಡ ಅಂದ ಹಾಗಲ್ವಾ ಅದು? ಆದರೂ ಅಮೆರಿಕದ ಸೆನೆಟ್ 1836ರಲ್ಲಿ ಆ ಒಪ್ಪಂದವನ್ನು ಪಾಸು ಮಾಡಿತ್ತು; ಒಂದೇ ಒಂದು ಮತ ಕಮ್ಮಿ ಬಿದ್ದಿದ್ದರೂ ಬೇಕಿದ್ದ ಮೂರನೇ ಎರಡು ಬಹುಮತ ಸಿಗುತ್ತಿರಲಿಲ್ಲ.

ಚೆರೋಕಿಗಳು ಸುಮ್ನೆ ಕೂತವರಲ್ಲ. ಅವರದೇ ಜನಾಂಗದ ಸೆಕ್ವೋಯಾ ಕಟ್ಟಿದ ಲಿಪಿ ಅವರಲ್ಲಿತ್ತು. 1828ರಿಂದ ಸ್ವಂತ ಪತ್ರಿಕೆ ನಡೆಸಿದರು, ಒಂದೇ ಹಾಳೆಯಲ್ಲಿ ಚೆರೋಕಿಯೂ ಇಂಗ್ಲಿಷೂ ಅಕ್ಕಪಕ್ಕ. ಅದರ ಅಚ್ಚಿನ ಯಂತ್ರವನ್ನೇ 1835ರಲ್ಲಿ ಜಾರ್ಜಿಯಾದ ಸಿಪಾಯಿಗಳು ಹೊತ್ತುಕೊಂಡು ಹೋದರು. ನನಗೆ ತುಂಬಾ ಕಾಡೋದು ಇದೇ. ಸುಪ್ರೀಂ ಕೋರ್ಟಿನಲ್ಲಿ 1832ರಲ್ಲೇ, ಜಾರ್ಜಿಯಾದ ಕಾನೂನು ಚೆರೋಕಿ ನೆಲದಲ್ಲಿ ನಡೆಯೋದಿಲ್ಲ ಅಂತ ತೀರ್ಪು ಬಂದಿತ್ತು. ಜಾರಿ ಮಾಡುವವರೇ ಇರಲಿಲ್ಲ.

1838ರಲ್ಲಿ ಸೈನಿಕರು ಮನೆಮನೆಗೆ ನುಗ್ಗಿ, ಜನರನ್ನು ಮರದ ಬೇಲಿಯ ಶಿಬಿರಗಳಿಗೆ ಅಟ್ಟಿದರು. ಮುಂದೆ ಪಶ್ಚಿಮದ ಕಡೆಗೆ ಚಳಿಗಾಲದಲ್ಲಿ ನಡೆದ ದಾರಿ. ಸತ್ತವರು ಸುಮಾರು 4,000 ಅಂತ ಲೆಕ್ಕ. ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ ಉಳಿದುಕೊಂಡವರ ವಂಶದವರು ಇವತ್ತಿಗೂ ಅಲ್ಲೇ ಇದ್ದಾರೆ. ದಯವಿಟ್ಟು ಆ ಸಾಲನ್ನು ತಿದ್ದಿ.