ಗೆದ್ದು ಕೊಟ್ಟವರ ಆಟವನ್ನೇ ಮುಚ್ಚಿ ಅಂತೀರಲ್ಲ

ಶನಿವಾರ ಸ್ನೇಹಿತರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಟಿವಿಯಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೋಲುತ್ತಾ ಇತ್ತು. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ನಮ್ಮ ಫುಟ್‌ಬಾಲಿಗೆ ಇವರು ಸಾಕರ್ ಅಂತಾರೆ. ಒಬ್ಬರು ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟರು. "ಸ್ಟ್ಯಾನ್‌ಫರ್ಡ್‌ನವರಿಗೆ ಓದು ಬಿಟ್ಟರೆ ಆಟ ಎಲ್ಲಿ ಬರುತ್ತೆ? ಆ ವಾಟರ್ ಪೋಲೊ, ಫೆನ್ಸಿಂಗ್ ಎಲ್ಲ ಯಾರು ನೋಡ್ತಾರೆ? ಅವನ್ನೆಲ್ಲ ಮುಚ್ಚಿ ಆ ದುಡ್ಡನ್ನ ಫುಟ್‌ಬಾಲಿಗೆ ಹಾಕಬೇಕು." ಸುತ್ತ ಕೂತವರು ಹೌದು ಹೌದು ಅಂತ ತಲೆಯಾಡಿಸಿದರು. ಊಟಕ್ಕೆ ಕರೆದವರ ಮನೆಯಲ್ಲಿ ಜಗಳ ಬೇಡ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಎರಡು ದಿನದಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ಬರೆದೇ ತೀರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವುದು ಎನ್‌ಸಿಎಎ ಅನ್ನೋ ಸಂಸ್ಥೆ. ಅದು ಕೊಡುವ ತಂಡ ಪ್ರಶಸ್ತಿಗಳಲ್ಲಿ 130ಕ್ಕೂ ಹೆಚ್ಚು ಸ್ಟ್ಯಾನ್‌ಫರ್ಡ್ ಪಾಲಾಗಿವೆ. ದೇಶದಲ್ಲಿ ಬೇರೆ ಯಾವ ವಿಶ್ವವಿದ್ಯಾಲಯದ ಹತ್ತಿರವೂ ಅಷ್ಟಿಲ್ಲ. ಲಾಸ್ ಏಂಜಲೀಸಿನ ಯುಸಿಎಲ್‌ಎ, ಯುಎಸ್‌ಸಿ ಎರಡೂ ಇದರ ಹಿಂದೆಯೇ. 1976-77ರಿಂದ 2024-25ರವರೆಗೆ ಒಂದೇ ಒಂದು ವರ್ಷವೂ ಇವರು ಬರಿಗೈಯಲ್ಲಿ ಕೂತಿಲ್ಲ. ಎಲ್ಲ ಆಟಗಳ ಸಾಧನೆಯನ್ನೂ ಕೂಡಿಸಿ ಕೊಡುವ ಡೈರೆಕ್ಟರ್ಸ್ ಕಪ್ ಅಂತ ಒಂದಿದೆ. ಅದನ್ನು 1994-95ರಿಂದ 2018-19ರವರೆಗೆ ಸತತ 25 ಸಲ ಗೆದ್ದಿದ್ದಾರೆ. ಅಷ್ಟು ವರ್ಷದಲ್ಲಿ ಎಷ್ಟು ಬ್ಯಾಚಿನ ಮಕ್ಕಳು ಬಂದು ಹೋಗಿರಬೇಕು! ಕೋಚ್‌ಗಳೂ ಬದಲಾದರು. ಕಪ್ ಮಾತ್ರ ಇಲ್ಲೇ ಉಳಿಯಿತು.

ಈಗ ಫುಟ್‌ಬಾಲ್ ನೋಡೋಣ. 2021, 2022, 2023, 2024. ನಾಲ್ಕೂ ವರ್ಷ 12 ಪಂದ್ಯದಲ್ಲಿ 9 ಸೋಲು. ಆ ಹುಡುಗರ ಬಗ್ಗೆ ನನಗೆ ಸಿಟ್ಟಿಲ್ಲ, ಅವರೂ ಮೈ ಮುರಿದು ಆಡುತ್ತಾರೆ. ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಎನ್‌ಸಿಎಎ ಗೆದ್ದಿದ್ದು 1942ರಲ್ಲಿ, ಒಂದೇ ಸಲ. ಅಂದಮೇಲೆ ಈ 130 ಚಿಲ್ಲರೆ ಪ್ರಶಸ್ತಿ ಬಂದಿದ್ದಾದರೂ ಎಲ್ಲಿಂದ?

ಮಹಿಳೆಯರ ಟೆನಿಸ್ಸಿನಲ್ಲಿ 20. ಪುರುಷರ ಟೆನಿಸ್ಸಿನಲ್ಲಿ 17, ಅಷ್ಟೂ ಡಿಕ್ ಗೌಲ್ಡ್ ಅನ್ನೋ ಒಬ್ಬರೇ ಕೋಚ್ ಕಾಲದಲ್ಲಿ, 1973ರಿಂದ 2000ದ ಒಳಗೆ. ಮಹಿಳೆಯರ ವಾಲಿಬಾಲ್‌ನಲ್ಲಿ 9. ಪುರುಷರ ಜಿಮ್ನಾಸ್ಟಿಕ್ಸ್ ತಂಡ 2019ರಲ್ಲಿ ಗೆದ್ದಿತು, 2020ರಲ್ಲಿ ಕೋವಿಡ್‌ನಿಂದ ಕೂಟವೇ ನಡೆಯಲಿಲ್ಲ, ಆಮೇಲೆ 2021ರಿಂದ 2024ರವರೆಗೆ ಬಿಡದೆ ಗೆದ್ದಿತು. ಈಜು, ಗಾಲ್ಫ್, ಸಾಕರ್, ರೋಯಿಂಗ್ ಎಲ್ಲದರಲ್ಲೂ ಇವೆ. ಇನ್ನು ಅವರು "ಯಾರು ನೋಡ್ತಾರೆ" ಅಂದ ವಾಟರ್ ಪೋಲೊ, ಈಜುತ್ತಾ ಚೆಂಡು ಎಸೆದು ಗೋಲು ಹೊಡೆಯುವ ಆಟ. 2025ರ ಮೇ ತಿಂಗಳು. ಓದಿನ ವರ್ಷ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೂ ಸ್ಟ್ಯಾನ್‌ಫರ್ಡ್‌ಗೆ ಆ ವರ್ಷದ ಪ್ರಶಸ್ತಿ ಬಂದಿರಲಿಲ್ಲ. ವಾಟರ್ ಪೋಲೊ ಹುಡುಗಿಯರು ಫೈನಲ್ಲಿನಲ್ಲಿ ಯುಎಸ್‌ಸಿಯನ್ನು ಸೋಲಿಸಿ ಆ ಸಾಲನ್ನು ಮುರಿಯದಂತೆ ಉಳಿಸಿದರು. ಅದನ್ನೇ ಮುಚ್ಚಬೇಕಂತೆ.

ಯಾರಾದರೂ ಒಮ್ಮೆ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಏವರಿ ಪೂಲ್ ಹತ್ತಿರ ಹೋಗಿ ನೋಡಿ. ಆಡುವವರು ಪೂಲಿನ ತಳ ಮುಟ್ಟುವ ಹಾಗಿಲ್ಲ. ಇಡೀ ಪಂದ್ಯ ಕಾಲಲ್ಲಿ ನೀರು ತುಳಿಯುತ್ತಲೇ ಇರಬೇಕು. ಗೋಲ್‌ಕೀಪರ್ ಬಿಟ್ಟರೆ ಬೇರೆಯವರು ಚೆಂಡನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯುವ ಹಾಗಿಲ್ಲ. ಮೇಲೆ ನೋಡಿದರೆ ಬರೀ ತಲೆ, ತೋಳು ಕಾಣುತ್ತವೆ. ನೀರಿನ ಒಳಗೆ ಎಳೆದಾಟ, ಒದೆತ, ಉಗುರಿನ ಗೀರು. ಅದಕ್ಕೇ ಪಂದ್ಯಕ್ಕೆ ಮುಂಚೆ ರೆಫರಿಗಳು ಉಗುರು ಪರೀಕ್ಷೆ ಮಾಡುತ್ತಾರೆ. ಆಮೇಲೆ ಆ ಹುಡುಗಿಯರು ಒದ್ದೆ ಕೂದಲಲ್ಲೇ ಸೈಕಲ್ ಹತ್ತಿ ಲ್ಯಾಬಿಗೆ ಹೋಗುತ್ತಾರೆ. ನನ್ನ ಕಣ್ಣಾರೆ ನೋಡಿದ್ದೇನೆ. ಗ್ಯಾಲರಿಯಲ್ಲಿ ಅಪ್ಪ ಅಮ್ಮಂದಿರು, ಒಂದಷ್ಟು ಗೆಳತಿಯರು, ಅಷ್ಟೇ. ಜನ ಕಡಿಮೆ ಇದ್ದರೆ ಆಟ ಸಣ್ಣದಾಗಿಬಿಡುತ್ತಾ?

ಈ "ಮುಚ್ಚಿ" ಅನ್ನೋ ಮಾತು ಹೊಸದಲ್ಲ. 2020ರ ಜುಲೈನಲ್ಲಿ ವಿಶ್ವವಿದ್ಯಾಲಯವೇ ಅದನ್ನು ಹೇಳಿತ್ತು. 36 ಆಟಗಳಲ್ಲಿ 11 ಆಟಗಳನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಣೆ ಬಂತು. ಕುಸ್ತಿ, ಪುರುಷರ ವಾಲಿಬಾಲ್, ಫೀಲ್ಡ್ ಹಾಕಿ, ಸ್ಕ್ವಾಷ್, ಸಿಂಕ್ರೊನೈಸ್ಡ್ ಈಜು, ಫೆನ್ಸಿಂಗ್‌ನ ಎರಡು ತಂಡ, ರೋಯಿಂಗ್‌ನ ಎರಡು, ಸೇಲಿಂಗ್‌ನ ಎರಡು. 240ಕ್ಕೂ ಹೆಚ್ಚು ಮಕ್ಕಳು. ಆ ಆಟಗಳೇ 20 ರಾಷ್ಟ್ರೀಯ ಪ್ರಶಸ್ತಿ, 27 ಒಲಿಂಪಿಕ್ ಪದಕ ತಂದುಕೊಟ್ಟಿದ್ದವು. ಕೊಟ್ಟ ಕಾರಣ ಖರ್ಚು. ಆಗ ವಿಶ್ವವಿದ್ಯಾಲಯದ ದತ್ತಿನಿಧಿ 2,700 ಕೋಟಿ ಡಾಲರ್ ದಾಟಿತ್ತು.

ಹಾಕಿ, ಕುಸ್ತಿ, ಸ್ಕ್ವಾಷ್. ನೋಡಿ, ಇವೆಲ್ಲ ನಮಗೆ ಗೊತ್ತಿರುವ ಆಟಗಳು. ಈ ಊರಲ್ಲಿ ಕೊಡಗಿನವರು ಎಷ್ಟು ಜನ ಇದ್ದಾರೆ, ಹಾಕಿ ಅಂದರೆ ಅವರಿಗೆ ಏನು ಅಂತ ಗೊತ್ತಲ್ವಾ? ನನ್ನ ತಾತ ಮೈಸೂರಿನ ಗರಡಿಯಲ್ಲಿ ಮಟ್ಟಿ ಮೆತ್ತಿಕೊಂಡು ಬೆಳೆದವರು ಅಂತ ನಿಮಗೆಲ್ಲ ಗೊತ್ತು. ದಸರಾ ಕುಸ್ತಿ ಬಂದರೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಹಾಗಾಗಿ ಕುಸ್ತಿ ನಿಲ್ಲಿಸುತ್ತಾರೆ ಅಂದಾಗ ನನಗೆ ನಮ್ಮ ಮನೆಯ ಆಟವನ್ನೇ ಹೊರಗೆ ಹಾಕಿದ ಹಾಗಾಯಿತು.

2021ರ ಮಾರ್ಚ್. ಸೇಂಟ್ ಲೂಯಿಸ್‌ನಲ್ಲಿ ಎನ್‌ಸಿಎಎ ಕುಸ್ತಿ. 165 ಪೌಂಡ್ ವಿಭಾಗದಲ್ಲಿ ಸ್ಟ್ಯಾನ್‌ಫರ್ಡ್‌ನ ಶೇನ್ ಗ್ರಿಫಿತ್ ಫೈನಲ್‌ಗೆ ಬಂದ. ಮೈಮೇಲೆ ಕಪ್ಪು ಸಿಂಗ್ಲೆಟ್, ಅಂದರೆ ಕುಸ್ತಿಯ ಬಿಗಿ ಉಡುಪು. ಅದರ ಮೇಲೆ ವಿಶ್ವವಿದ್ಯಾಲಯದ ಹೆಸರಿಲ್ಲ, ಲೋಗೋ ಇಲ್ಲ, ಬಣ್ಣವೂ ಇಲ್ಲ. ನಮ್ಮನ್ನು ಬೇಡ ಅಂದವರ ಹೆಸರನ್ನು ಎದೆ ಮೇಲೆ ಹೊತ್ತುಕೊಳ್ಳುವುದಿಲ್ಲ ಅನ್ನೋದನ್ನು ಹುಡುಗ ಬಾಯಿ ಬಿಡದೇ ಹೇಳಿದ್ದ. ಎದುರಿಗೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೇಕ್ ವೆಂಟ್ಜೆಲ್. 6-2ರಲ್ಲಿ ಗೆದ್ದುಬಿಟ್ಟ. ಸ್ಟ್ಯಾನ್‌ಫರ್ಡ್ ಕುಸ್ತಿಯ ಇಡೀ ಚರಿತ್ರೆಯಲ್ಲಿ ಅದು ಎರಡನೇ ಚಾಂಪಿಯನ್ ಪಟ್ಟ. ಮೊದಲನೆಯದು 2004ರಲ್ಲಿ. ಲ್ಯಾಪ್‌ಟಾಪ್ ಮುಂದೆ ಕೂತು ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಪಕ್ಕದ ರೂಮಿನಿಂದ ಮಗಳು ಏನಾಯ್ತಮ್ಮ ಅಂತ ಓಡಿ ಬಂದಳು. ತಾತ ಇದ್ದಿದ್ದರೆ ತೊಡೆ ತಟ್ಟಿ ಎದ್ದು ನಿಲ್ಲುತ್ತಿದ್ದರು.

ಅದೇ ವರ್ಷ ಮೇ 18ಕ್ಕೆ ವಿಶ್ವವಿದ್ಯಾಲಯ ನಿರ್ಧಾರ ವಾಪಸ್ ತೆಗೆದುಕೊಂಡಿತು. 11 ಆಟಗಳೂ ಉಳಿದವು. ಹಳೆಯ ವಿದ್ಯಾರ್ಥಿಗಳು ದುಡ್ಡು ಸೇರಿಸಿದ್ದರು, ಮಕ್ಕಳು ಕೋರ್ಟಿಗೆ ಹೋಗಿದ್ದರು, ಊರೆಲ್ಲ ಬೈದಿತ್ತು. ಅಷ್ಟೆಲ್ಲ ಆದಮೇಲೂ ನಮ್ಮವರ ಬಾಯಲ್ಲಿ ಮತ್ತೆ ಅದೇ ಮಾತು ಬರುತ್ತೆ ಅಂದರೆ ನನಗೆ ಹೊಟ್ಟೆ ಉರಿಯುತ್ತೆ.

ಗೊತ್ತು, ದುಡ್ಡಿನ ಮಾತು ಬರುತ್ತೆ. ಟಿವಿ ದುಡ್ಡು ತರುವುದು ಫುಟ್‌ಬಾಲ್, ಮಿಕ್ಕ ಆಟಗಳೆಲ್ಲ ಅದರಿಂದ ಬದುಕುತ್ತವೆ, ಅದಕ್ಕೇ ಫುಟ್‌ಬಾಲ್ ಮುಖ್ಯ ಅಂತ. ಲೆಕ್ಕ ಒಪ್ಪುತ್ತೇನೆ. ಆದರೆ ಸ್ಟ್ಯಾನ್‌ಫರ್ಡ್‌ನಲ್ಲಿ ಎಷ್ಟೋ ಸ್ಕಾಲರ್‌ಶಿಪ್‌ಗಳು, ಕೋಚ್ ಹುದ್ದೆಗಳು ಹಳೆಯ ವಿದ್ಯಾರ್ಥಿಗಳು ಇಟ್ಟ ದತ್ತಿಯಿಂದ ನಡೆಯುತ್ತವೆ. ಮತ್ತೆ, ಇದು ವಿಶ್ವವಿದ್ಯಾಲಯ. ಗ್ರೀಕ್, ಲ್ಯಾಟಿನ್ ಕಲಿಸುವ ವಿಭಾಗಕ್ಕೆ ಯಾರೂ ಈ ವರ್ಷ ಎಷ್ಟು ಟಿಕೆಟ್ ಮಾರಿದಿರಿ ಅಂತ ಕೇಳುವುದಿಲ್ಲ. ಕುಸ್ತಿ ಆಡುವವನಿಗೆ ಮಾತ್ರ ಯಾಕೆ ಆ ಪ್ರಶ್ನೆ?

ಇನ್ನೊಂದು ಮಾತೂ ಬರುತ್ತೆ. ಇವೆಲ್ಲ ಶ್ರೀಮಂತರ ಆಟ, ಹಿಂಬಾಗಿಲಿಂದ ಸೀಟು ಪಡೆಯೋ ದಾರಿ ಅಂತ. 2019ರ ಪ್ರವೇಶ ಹಗರಣದಲ್ಲಿ ಇಲ್ಲಿನ ಸೇಲಿಂಗ್ ಕೋಚ್ ತಪ್ಪೊಪ್ಪಿಕೊಂಡಿದ್ದು ನಿಜ. ಅವರಿಗೆ ಶಿಕ್ಷೆಯೂ ಆಯಿತು. ಅದಕ್ಕೆ ಬೆಳಗಿನ ಚಳಿಯಲ್ಲಿ ದೋಣಿ ಇಳಿಸುವ ಮಕ್ಕಳು ಏನು ಮಾಡಬೇಕು?

ಮಹಿಳೆಯರ ವಿಷಯ ಬಿಡೋಕೇ ಆಗಲ್ಲ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ ಅಂತಾಯಿತು. ಅದು ಆಟದ ಮೈದಾನಕ್ಕೂ ಬಂತು. ಸ್ಟ್ಯಾನ್‌ಫರ್ಡ್‌ನ ಪ್ರಶಸ್ತಿಗಳಲ್ಲಿ ದೊಡ್ಡ ಪಾಲು ಆಮೇಲೆ ಬಂದ ಹುಡುಗಿಯರದ್ದು. ಟ್ಯಾರಾ ವ್ಯಾನ್‌ಡರ್‌ವೀರ್ 1985ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಬಂದರು. 1990, 1992ರಲ್ಲಿ ಪ್ರಶಸ್ತಿ. ಆಮೇಲೆ 2021ರವರೆಗೆ ಕಾದರು. ಆ ಸೀಸನ್ ನೆನಪಿದೆಯಾ? ಕೋವಿಡ್ ಅಂತ ನಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮೈ ತಾಗುವ ಆಟಗಳನ್ನೆಲ್ಲ ನಿಷೇಧಿಸಿದ್ದರು. ಆ ಹುಡುಗಿಯರು ಸ್ವಂತ ಊರು ಬಿಟ್ಟು ವಾರಗಟ್ಟಲೆ ಹೋಟೆಲ್‌ಗಳಲ್ಲಿ ಇದ್ದುಕೊಂಡು, ಸಾಂತಾ ಕ್ರೂಜ್‌ನ ಯಾವುದೋ ಅಂಗಳವನ್ನೇ ತಮ್ಮದು ಅಂದುಕೊಂಡು ಆಡಿದರು. ಫೈನಲ್‌ನಲ್ಲಿ ಅರಿಜೋನಾ ವಿರುದ್ಧ 54-53. ಕೊನೆಯ ಕ್ಷಣದಲ್ಲಿ ಎದುರಾಳಿ ಎಸೆದ ಚೆಂಡು ರಿಂಗ್ ಒಳಗೆ ಬೀಳಲಿಲ್ಲ. ಒಂದೇ ಪಾಯಿಂಟ್!

ನನಗೆ ಇದು ಯಾಕೆ ಇಷ್ಟು ತಾಗುತ್ತೆ ಅಂತ ಕೇಳಿದರೆ, ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನಾನು ಜಿಲ್ಲಾ ಮಟ್ಟದ ವಾಲಿಬಾಲ್ ಆಡಿದವಳು. ಪಿಯುಸಿಗೆ ಸೇರಿದ ಕಾಲೇಜಿನಲ್ಲಿ ಆಟದ ಪೀರಿಯಡ್ ಕಿತ್ತು ಸಿಇಟಿ ಕೋಚಿಂಗ್ ಹಾಕಿದರು. ನೆಟ್ ಕಟ್ಟುವ ಕಂಬಗಳನ್ನೂ ತೆಗೆದು ಅಲ್ಲಿ ಬಸ್ ನಿಲ್ಲಿಸಿದರು. ಮನೆಯಲ್ಲೂ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಓದಿ ಇಂಜಿನಿಯರ್ ಆದೆ, ಇಲ್ಲಿಗೆ ಬಂದೆ, ಅದರ ಬಗ್ಗೆ ಕೊರಗಿಲ್ಲ. ಆದರೆ ಸ್ಟ್ಯಾನ್‌ಫರ್ಡ್‌ನ ಮೇಪಲ್ಸ್ ಪೆವಿಲಿಯನ್‌ನಲ್ಲಿ ವಾಲಿಬಾಲ್ ನೋಡುವಾಗ ಈಗಲೂ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಬರುತ್ತವೆ.

ನಮ್ಮ ದೇಶದಲ್ಲೂ ಇದೇ ಕಥೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು. ಬೆಂಗಳೂರಿನದೇ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ನಮ್ಮ ಗ್ರೂಪಿನಲ್ಲಿ ಒಬ್ಬರೂ ಅದರ ಬಗ್ಗೆ ಬರೆಯಲಿಲ್ಲ. ಅದೇ ಸಮಯದಲ್ಲಿ ಐಪಿಎಲ್ ಸ್ಕೋರು ಮಾತ್ರ ನಿಮಿಷಕ್ಕೊಂದು ಬರುತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬಂದಾಗ ಮಾತ್ರ ಎಲ್ಲರಿಗೂ ಭಾರತಕ್ಕೆ ಪದಕ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮಗೆ ಬಂದಿದ್ದು 6. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದವರು, ಓದುತ್ತಿರುವವರು ಸೇರಿ ಗೆದ್ದಿದ್ದು 39. ತಂಡದ ಒಂದು ಪದಕವನ್ನು ಆಡಿದ ಒಬ್ಬೊಬ್ಬರ ಹೆಸರಿಗೂ ಬರೆಯುವ ಲೆಕ್ಕ ಅದು, ದೇಶದ ಲೆಕ್ಕಕ್ಕೆ ಸರಿಯಾಗಿ ಹೋಲಿಸೋಕೆ ಆಗಲ್ಲ. ಆದರೂ ಆ ಪದಕಗಳು ಬಂದಿದ್ದು ಈಜು, ವಾಟರ್ ಪೋಲೊ, ಜಿಮ್ನಾಸ್ಟಿಕ್ಸ್ ಥರದ ಆಟಗಳಿಂದ. ಒಲಿಂಪಿಕ್ ಈಜುಗಾರ್ತಿ ಕೇಟಿ ಲೆಡೆಕಿ ಈಜಿದ್ದು ಇದೇ ಕ್ಯಾಂಪಸ್ಸಿನಲ್ಲಿ. ಜೊಕೊವಿಚ್ ವಿರುದ್ಧ 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸೆಟ್ ಗೆದ್ದ ನಿಶೇಶ್ ಬಸವರೆಡ್ಡಿ ಅದಕ್ಕೆ ಸ್ವಲ್ಪ ಮೊದಲು ಇಲ್ಲಿನ ಕಾಲೇಜು ತಂಡದಲ್ಲಿ ಆಡುತ್ತಿದ್ದ ಹುಡುಗ. ಅವತ್ತು ನಮ್ಮವರೆಲ್ಲ ಅವನ ಫೋಟೊ ಹಾಕಿದ್ದೇ ಹಾಕಿದ್ದು. ಅವನು ಇಲ್ಲಿ ಆಡುವಾಗ ಒಬ್ಬರಾದರೂ ಕ್ಯಾಂಪಸ್ಸಿನ ಟೌಬಿ ಟೆನಿಸ್ ಸ್ಟೇಡಿಯಮ್ಮಿಗೆ ಹೋಗಿದ್ದರಾ?

ಈಗ ನಿಜವಾದ ಭಯ ಹೇಳುತ್ತೇನೆ. 2025ರ ಜೂನ್‌ನಲ್ಲಿ ಕೋರ್ಟು ಒಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಆಡುವವರಿಗೆ ದುಡ್ಡು ಸಿಗಲಿ, ಅದು ನ್ಯಾಯವೇ. ಆದರೆ ಅದರಲ್ಲಿ ಹೆಚ್ಚಿನ ಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತೆ. ಆ ದುಡ್ಡು ಎಲ್ಲಿಂದಲಾದರೂ ಬರಲೇಬೇಕಲ್ಲ? ಜೊತೆಗೆ ಸ್ಟ್ಯಾನ್‌ಫರ್ಡ್ ಇದ್ದ, ಪಶ್ಚಿಮದ ವಿಶ್ವವಿದ್ಯಾಲಯಗಳ ಹಳೆಯ ಲೀಗ್ ಪ್ಯಾಕ್-12 ಒಡೆದುಹೋಯಿತು. 2024ರಿಂದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್ ಸೇರಿದೆ, ಅದೂ ಟಿವಿ ದುಡ್ಡಿನಲ್ಲಿ ಕಡಿಮೆ ಪಾಲಿಗೆ ಒಪ್ಪಿ. ಅದಕ್ಕೆ ಕಾರಣವೂ ಫುಟ್‌ಬಾಲ್. ಈಗ ವಾಲಿಬಾಲ್ ಹುಡುಗಿಯರು ಲೀಗ್ ಪಂದ್ಯಕ್ಕೂ ನಾರ್ತ್ ಕರೋಲಿನಾ, ವರ್ಜೀನಿಯಾ ಅಂತ ದೇಶದ ಆ ತುದಿಗೆ ಹಾರಬೇಕು. ವಿಮಾನದಲ್ಲೇ ಹೋಂವರ್ಕ್. ಸೋತವರ ಸಲುವಾಗಿ ಗೆದ್ದವರು ಸುಸ್ತಾಗುತ್ತಿದ್ದಾರೆ. ಇನ್ನೊಂದು 2020 ಬಂದರೆ ಮೊದಲು ಕತ್ತಿ ಬೀಳುವುದು ಯಾರ ಮೇಲೆ ಅಂತ ಎಲ್ಲರಿಗೂ ಗೊತ್ತು. ಅಂಥ ಹೊತ್ತಲ್ಲಿ ಇದೇ ಊರಲ್ಲಿ ಬದುಕುತ್ತಾ, ಮಕ್ಕಳಿಗೆ ಸ್ಟ್ಯಾನ್‌ಫರ್ಡ್ ಸೀಟು ಬೇಕು ಅಂತ ಹಂಬಲಿಸುವ ನಾವೇ "ಮುಚ್ಚಿ" ಅನ್ನೋದು ನನಗೆ ಸಹಿಸೋಕಾಗಲ್ಲ.

ಕುಸ್ತಿ ಸೀಸನ್ ನವೆಂಬರ್‌ನಿಂದ ಮಾರ್ಚ್‌ವರೆಗೆ ಇರುತ್ತೆ. ಇಲ್ಲಿನ ಪಂದ್ಯಗಳು ಬರ್ನ್‌ಹ್ಯಾಮ್ ಪೆವಿಲಿಯನ್‌ನಲ್ಲಿ. ಚಿಕ್ಕ ಹಾಲ್, ಎಲ್ಲಿ ಕೂತರೂ ಮ್ಯಾಟ್ ಹತ್ತಿರವೇ. ಮುಂದಿನ ಪಂದ್ಯಕ್ಕೆ ನಾನು, ಮಗಳು ಹೋಗುತ್ತಿದ್ದೇವೆ. ಸನ್ನಿವೇಲ್‌ನಿಂದ ಹೊರಡುತ್ತೇವೆ, ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬರುವವರು ಕೆಳಗೆ ಹೆಸರು ಹಾಕಿ. ಶನಿವಾರ ಆ ಮಾತು ಹೇಳಿದವರಿಗೆ ನಾನೇ ಫೋನ್ ಮಾಡಿ ಕರೆಯುತ್ತೇನೆ.