ಮಡಚುವ ಮಂಚಕ್ಕೂ ಮಳೆಗಾಲ

ಮಣಿಪಾಲದಲ್ಲೋ ಮಂಗಳೂರಿನ ಬಿಜೈಯಲ್ಲೋ ಒಂದೇ ಕೋಣೆಯ ಫ್ಲ್ಯಾಟು ಕೊಂಡವರಿಗೆ ಮೊದಲ ತಕರಾರು ಮಂಚದ್ದೇ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯೆಂದರೆ 120 ಚದರಡಿ. ಅದರಲ್ಲಿ 25 ಚದರಡಿ ಮಂಚದ ಪಾಲು. ರಾತ್ರಿ ಏಳು ಗಂಟೆ ದುಡಿದು, ಉಳಿದ ಹದಿನೇಳು ಗಂಟೆ ಬಾಡಿಗೆಯಿಲ್ಲದೆ ಬಿದ್ದುಕೊಂಡಿರುವ ಮಹಾಶಯ!

ಅವನನ್ನು ಗೋಡೆಗೆ ಎತ್ತಿ ನಿಲ್ಲಿಸುವ ಉಪಾಯವೇ ಮಡಚುವ ಮಂಚ. (ಸುತ್ತಿ ಮೂಲೆಗೊರಗಿಸುವ ಪಜೆ, ಅಂದರೆ ಚಾಪೆ, ಇದೇ ಕೆಲಸವನ್ನು ಪಿಸ್ಟನ್ ಇಲ್ಲದೆ ಮಾಡುತ್ತಿತ್ತು, ಇರಲಿ.) ಮಂಚ ಮಡಚಿ ಕೂರುವ ಕಪಾಟಿನಂಥ ಪೆಟ್ಟಿಗೆಯ ಆಳ 16ರಿಂದ 18 ಇಂಚು, ಹಾಸಿಗೆ 6 ಇಂಚಿಗಿಂತ ದಪ್ಪ ಬೇಡ. ಮಂಚವನ್ನು ಮೆಲ್ಲಗೆ ಎತ್ತಿ ಇಳಿಸಲು ನೆರವಾಗುವ ಗ್ಯಾಸ್ ಪಿಸ್ಟನ್ ಆರಿಸುವ ಮೊದಲು ಹಾಸಿಗೆಯನ್ನು ತೂಗಬೇಕು. ಫೋಮ್ ಹಾಸಿಗೆಗೆಂದು ಕೂರಿಸಿದ ಪಿಸ್ಟನ್ ಮೇಲೆ ಭಾರದ ನಾರಿನ ಹಾಸಿಗೆ ಹೇರಿದರೆ ಮಂಚ ಧೊಪ್ಪನೆ ಇಳಿಯುತ್ತದೆ. ಉಲ್ಟಾ ಆದರೆ, ಒತ್ತಿ ಹಿಡಿದರಷ್ಟೇ ಕೆಳಗೆ ನಿಲ್ಲುತ್ತದೆ.

ಇನ್ನು ಗೋಡೆ. "ಗೋಡೆ ಗಟ್ಟಿ ಉಂಟು ಮಾರಾಯ್ರೆ" ಎಂದು ಆಚಾರಿ ಹೇಳಿದರೂ ಒಮ್ಮೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಾಲೋ ಬ್ಲಾಕು. ಗೋಡೆಗೆ ಬಿಗಿಯುವ ಫಾಸ್ಟನರ್ ಅದರ ಪೊಳ್ಳಿಗೆ ಇಳಿದು ಹಿಡಿತವಿಲ್ಲದೆ ತಿರುಗುತ್ತದೆ. ಕೆಂಪುಕಲ್ಲಾದರೆ ಡ್ರಿಲ್ ಹೊಡೆತಕ್ಕೆ ಪುಡಿ ಉದುರಿ ತೂತು ದೊಡ್ಡದಾಗುತ್ತದೆ. ಆದ್ದರಿಂದ ಭಾರವೆಲ್ಲ ನೆಲಕ್ಕೇ ಇಳಿಯಲಿ. ಗೋಡೆಯ ಕೆಲಸ ಮಂಚ ಮುಂದಕ್ಕೆ ಮಗುಚದಂತೆ ಹಿಡಿಯುವುದು ಮಾತ್ರ. ಆ ಹಿಡಿತವೂ ಕಾಂಕ್ರೀಟ್ ಪಿಲ್ಲರಿಗೋ ಬೀಮಿಗೋ ಸಿಕ್ಕಿದರೆ ಒಳ್ಳೆಯದು.

ಇಷ್ಟೂ ಸರಿಯಾದರೆ ಮೇ ತಿಂಗಳವರೆಗೆ ಎಲ್ಲರೂ ಜಾಣರೇ. ಜೂನಿನಲ್ಲಿ ಪಡುವಣ ಗೋಡೆಗೆ ಎರಚಲು ಬಡಿಯತೊಡಗಿದಾಗ, ಇಂಚು ಇಂಚೂ ಬಿಡದೆ ಗೋಡೆಗಂಟಿಸಿದ ಕಪಾಟಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಬೆವರಿನ ಹಾಸಿಗೆಯನ್ನು ಎದ್ದ ಕೂಡಲೇ ಮಡಚಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಈ ಊರಲ್ಲಿ ಜಾಗ ಉಳಿಸುವವರು ಗಾಳಿಗೂ ಒಂದು ಪಾಲು ಎತ್ತಿಡಬೇಕು. ಬೆನ್ನಿಗೆ 2 ಇಂಚು ಸಂದು, ಬುಡದಲ್ಲಿ 3 ಇಂಚು. ಹಾಸಿಗೆಯಡಿ ಇಡೀ ಪ್ಲೈ ಹಲಗೆ ಬೇಡ, ಮರದ ಪಟ್ಟಿಗಳು ಸಾಕು. ಬೆಳಿಗ್ಗೆ ಫ್ಯಾನು ಹಾಕಿ ಅರ್ಧ ಗಂಟೆ ಬಿಟ್ಟು ಮಡಚಿ.

ಪ್ಲೈಯಲ್ಲಿ ಚೌಕಾಸಿ ಮಾಡಬೇಡಿ: ನೀರು ತಾಳುವ ಮರೀನ್ ಪ್ಲೈಯ ಗುರುತಾದ ಐಎಸ್ 710 ಮುದ್ರೆ ಇರಲಿ, ಕೊಯ್ದ ಅಂಚುಗಳನ್ನು ಬಿಡದೆ ಮುಚ್ಚಿಸಿ. ಕಪಾಟಿನ ಬಾಗಿಲಿನ ಹೊರಮೈಗೆ ಮಾತ್ರ ಲ್ಯಾಮಿನೇಟ್ ಹಚ್ಚಿ ಒಳಮೈ ಹಾಗೇ ಬಿಟ್ಟರೆ, ಬೋಳು ಮಗ್ಗುಲು ತೇವ ಕುಡಿದು ಹಿಗ್ಗುತ್ತದೆ. ತುಳುವರ ಮಳೆಯ ತಿಂಗಳು ಆಟಿ ಮುಗಿಯುವಷ್ಟರಲ್ಲಿ ಬಾಗಿಲು ಬಿಲ್ಲು. ಕಡಲಗಾಳಿಗೆ ತಿರುಪು, ಹಿಂಜುಗಳೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಾದರೆ ಕ್ಷೇಮ.

ಕೊನೆಗೂ ಮಂಚ ಇಳಿಯುವ ಜಾಗ ಖಾಲಿ ಇರಬೇಕಲ್ಲ! ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ಕಾಲು ಚಾಚುವುದು ಸರಿಯಾಗಿ ಅಲ್ಲೇ. ಅದಕ್ಕೆ ರಾಟೆ ಕಟ್ಟಿ ಸೂರಿಗೇರಿಸಬಹುದು, ಲುಂಗಿಯ ಅಂಚು ಫ್ಯಾನಿನ ರೆಕ್ಕೆಗೆ ಸಿಗದಷ್ಟು ದೂರದಲ್ಲಿ.