ಒಂದು ಯಂತ್ರ, ನಾಲ್ಕು ಐಟಿಐ: ಹಂಚಿಕೊಂಡರೆ ಆದೀತೇ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಐಟಿಐಗಳು ತಮ್ಮ ಯಂತ್ರ, ವರ್ಕ್‌ಶಾಪ್, ಮೇಷ್ಟ್ರುಗಳನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಬೇಕೇ? ಇಬ್ಬರನ್ನು ಕೇಳಿದೆವು.

ಪರ: ಮೊದಲು ಕೀಲಿ ತೆಗೆಯಿರಿ
(ಹುಬ್ಬಳ್ಳಿಯಲ್ಲಿ ವಾಲ್ವ್ ಬಿಡಿಭಾಗ ತಯಾರಿಸುವವರು)

ನಾನು ಓದಿದ್ದು ಟರ್ನರ್ ಟ್ರೇಡ್, ಅಂದರೆ ಲೇಥ್ ಯಂತ್ರದಲ್ಲಿ ಲೋಹ ಹೆರೆಯುವ ಕೆಲಸ. ನಮ್ಮ ಐಟಿಐಯಲ್ಲಿ ದಪ್ಪವನ್ನು ಕರಾರುವಾಕ್ಕಾಗಿ ಅಳೆಯುವ ಮೈಕ್ರೋಮೀಟರ್ ಇದ್ದದ್ದು ಒಂದೇ. ಅದು ಬೀರುವಿನಲ್ಲಿ, ಬೀರುವಿನ ಕೀಲಿಕೈ ಸರ್ ಕಿಸೆಯಲ್ಲಿ. ಆಯುಧ ಪೂಜೆಗೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು. ಗೋಡೆಯಾಚೆ ಇನ್ನೊಂದು ಸಂಸ್ಥೆ. ಅಲ್ಲಿ ಸಾಲಾಗಿ ಲೇಥ್‌ಗಳು, ಹುಡುಗರು ಮಾತ್ರ ಬೆರಳೆಣಿಕೆ. ಎರಡು ವರ್ಷ ಆ ಲೇಥ್ ಸದ್ದು ಕೇಳಿದೆವೇ ಹೊರತು ಮುಟ್ಟಲಿಲ್ಲ.

ಕೋರ್ಸ್ ಮುಗಿಸಿ ವಾಲ್ವ್ ಸ್ಪಿಂಡಲ್ (ವಾಲ್ವ್ ತೆರೆದು ಮುಚ್ಚುವ ದಂಡ) ಮಾಡುವ ಶಾಪಿಗೆ ಸೇರಿದೆ. ಮೈಕ್ರೋಮೀಟರಿನಲ್ಲಿ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್, ಆ ಸುತ್ತಿನಲ್ಲಿ 50 ಗೆರೆ. ಪುಸ್ತಕದಲ್ಲಿ ಓದಿದ್ದೆ. ಆದರೆ ತಿರುಗದ ಭಾಗದ ಮೇಲಿನ ಮುಂದಿನ ಅರ್ಧ ಮಿಲಿಮೀಟರ್ ಗೆರೆ ಪೂರ್ತಿ ಹೊರಬರುವ ಮೊದಲೇ ಸ್ವಲ್ಪ ಇಣುಕುತ್ತದೆ. ಅದನ್ನು ಎಣಿಸಬಾರದು. ಇದು ಕೈಗೆ ಗೊತ್ತಾಗಬೇಕೇ ಹೊರತು ಪುಸ್ತಕಕ್ಕಲ್ಲ. ನಾನು ಎಣಿಸಿಬಿಟ್ಟೆ. ಸ್ಪಿಂಡಲ್ ಅರ್ಧ ಮಿಲಿಮೀಟರ್ ದಪ್ಪ ಇದೆ ಅಂದುಕೊಂಡು ಇನ್ನಷ್ಟು ಹೆರೆದೆ. ಸಂಜೆಯ ಹೊತ್ತಿಗೆ 11 ಸ್ಪಿಂಡಲ್ ಗುಜರಿಗೆ. ಪಗಾರದಲ್ಲಿ ಕಡಿದುಕೊಂಡರು. ಅದಕ್ಕಿಂತ ಜಾಸ್ತಿ ಉರಿದದ್ದು ಫೋರ್‌ಮನ್ ಕೇಳಿದ ಮಾತು: "ಎರಡ್ ವರ್ಷ ಏನ್ ಮಾಡಿದ್ಯೋ ತಮ್ಮಾ?"

ಈಗ ಕಾಲ ಬದಲಾಗಿದೆ ಅನ್ನಬಹುದು. ನಿಜ, ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟನೆ ಮಾಡಿದರು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂತು, ರೋಬೋಟ್ ಬಂತು. ಸಂತೋಷ. ಪಕ್ಕದ ಅನುದಾನಿತ ಐಟಿಐ ಹುಡುಗ ಅದನ್ನು ಕಿಟಕಿಯಿಂದ ನೋಡಬೇಕೇ? ಹುಬ್ಬಳ್ಳಿಯಲ್ಲಿ ಸರ್ಕಾರದ ಉಪಕರಣಾಗಾರ ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಧಾರವಾಡದಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಇದೆ. ಇವರೆಲ್ಲ ಒಂದು ಮೇಜಿನ ಸುತ್ತ ಕೂತು, ಯಾರ ಯಂತ್ರ ಯಾವ ಹೊತ್ತಿಗೆ ಖಾಲಿ ಅಂತ ಬರೆದುಕೊಂಡರೆ ಸಾಕು, ಅರ್ಧ ಕೆಲಸ ಮುಗಿಯಿತು. ಒಂದು ಕಡೆ ಯಂತ್ರ ಇದ್ದು ಮೇಷ್ಟ್ರಿಲ್ಲ, ಇನ್ನೊಂದು ಕಡೆ ಒಳ್ಳೆಯ ಮೇಷ್ಟ್ರಿದ್ದು ಯಂತ್ರವಿಲ್ಲ. ಅವರನ್ನು ವಾರಕ್ಕೆರಡು ದಿನ ಕಳಿಸಲು ಏನು ಕಷ್ಟ?

ನನ್ನ ಶಾಪಿನಲ್ಲಿ ಸಿಎನ್‌ಸಿ ಮೂರು ಪಾಳಿ ಓಡುತ್ತದೆ. ಒಂದು ತಾಸು ನಿಂತರೆ ಬ್ಯಾಂಕಿನ ಕಂತು ನೆನಪಾಗಿ ಎದೆ ಹೊಡೆದುಕೊಳ್ಳುತ್ತದೆ. ಐಟಿಐಯವರದು ಸಂಜೆಯಾದರೆ ನಿಂತೇಬಿಡುತ್ತದೆ, ಯಾರಿಗೂ ಏನೂ ಅನಿಸುವುದಿಲ್ಲ. ಅದು ಯಾರಪ್ಪನ ದುಡ್ಡು?

ದೂರ ಅನ್ನುವ ನೆಪ ಬೇರೆ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಗೆ ಊರೂರಿಂದ ಬರುತ್ತಾರಲ್ಲ, ಆಗ ಹುಬ್ಬಳ್ಳಿ ದೂರ ಆಗುವುದಿಲ್ಲವೇ? ಮನಸ್ಸಿಲ್ಲ, ಅಷ್ಟೇ. ಕೀಲಿಕೈ ಇನ್ನೂ ಕಿಸೆಯಲ್ಲೇ ಇದೆ.

ವಿರೋಧ: ಪಾಸ್ ಎಲ್ಲಿಯವರೆಗೆ?
(ಗದಗ ಜಿಲ್ಲೆಯ ಐಟಿಐ ಒಂದರ ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ)

ಪರ ಬರೆಯಲು ಆಗಲೇ ಯಾರೋ ಒಪ್ಪಿದ್ದರಂತೆ. ಉಳಿದದ್ದು ನನ್ನ ಪಾಲಿಗೆ ಬಂತು. ಬರೆಯುತ್ತೇನೆ.

ಹಂಚಿಕೊಳ್ಳಿ ಎನ್ನುವವರು ಯಂತ್ರವನ್ನು ಮದುವೆ ಮನೆಯ ಪಾತ್ರೆ ಅಂದುಕೊಂಡಿದ್ದಾರೆ. ಲೋಹ ಕತ್ತರಿಸುವ ಮೊನೆ, ಕಾರ್ಬೈಡ್ ಇನ್ಸರ್ಟ್, ಮುರಿದರೆ ದುಡ್ಡು ಯಾರು ಕೊಡಬೇಕು? ಹುಡುಗನ ಬೆರಳಿಗೆ ಪೆಟ್ಟಾದರೆ ಅವನು ಯಾರ ಹಾಜರಿಯಲ್ಲಿದ್ದ? ಪ್ರಿನ್ಸಿಪಾಲರು ಹೌದು ಅಂದರೂ ಈ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ.

ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ನನ್ನ ಹುಡುಗರು ಗದಗಿನವರೂ ಅಲ್ಲ, ಅದರಾಚೆಯ ಹಳ್ಳಿಯವರು. ಅವರ ಬಸ್ ಪಾಸ್ ಊರಿಂದ ಐಟಿಐವರೆಗೆ ಮಾತ್ರ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆದರೆ ರಾತ್ರಿ ಊರಿನ ಕೊನೆಯ ಬಸ್ ತಪ್ಪಿದರೆ? ಅಪ್ಪ-ಅವ್ವ ಫೋನ್ ಮಾಡುವುದು ನನಗೆ.

ಒಮ್ಮೆ 18 ಹುಡುಗರನ್ನು ಹುಬ್ಬಳ್ಳಿಗೆ ಸಿಎನ್‌ಸಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಮುಂಜಾನೆ ಹೊರಟು ತಲುಪುವಷ್ಟರಲ್ಲಿ ಅಲ್ಲಿಯ ಆಪರೇಟರ್ ಚಹಾಕ್ಕೆ ಹೋಗಿದ್ದ. ಆಮೇಲೆ ಒಬ್ಬೊಬ್ಬರಾಗಿ ಬಂದು ಹಸಿರು ಬಟನ್ ಒತ್ತಿದರು. ಯಂತ್ರ ಒಂದು ತುಂಡು ಕೊರೆಯಿತು. ಅಷ್ಟೇ ತರಬೇತಿ. ವಾಪಸ್ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್, ಮಿರ್ಚಿ ತಿಂದೆವು. ಆ ಬಟನ್ನಿಗಿಂತ ಗಿರ್ಮಿಟ್ಟಿನ ಮಾತೇ ಜಾಸ್ತಿ ದಿನ ನಡೆಯಿತು. ಬಸ್ ಬಾಡಿಗೆಯ ದುಡ್ಡಿನಲ್ಲಿ ನಾಲ್ಕು ಮೈಕ್ರೋಮೀಟರ್ ಕೊಂಡಿದ್ದರೆ ಇಲ್ಲೇ ಕಲಿಸುತ್ತಿದ್ದೆ.

ಆದರೆ ಮುಂಡರಗಿ ಕಡೆಯ ಒಬ್ಬ ಹುಡುಗ ಗಿರ್ಮಿಟ್ ತಿನ್ನಲಿಲ್ಲ. ಆ ತುಂಡನ್ನು ಕೇಳಿ ತಂದಿದ್ದ, ಬಸ್ಸಿನಲ್ಲಿ ವರ್ನಿಯರ್ ಹಿಡಿದು ಅಳೆಯುತ್ತ ಕೂತಿದ್ದ. ಇಳಿಯುವಾಗ ಕೇಳಿದ: "ಸರ್, ಮತ್ತ ಯಾವಾಗ ಹೋಗೂದು?" ನೋಡೋಣ ಅಂದೆ.